ಯಾರಿಗೂ ಗೊತ್ತಾಗಲ್ಲ ತಾನೇ?

ಮನಸ್ಸಿಗೆ ತೊಂದರೆಯಾದಾಗ ಇನ್ನೊಬ್ಬರ ಹತ್ತಿರ ಹೇಳಿಕೊಂಡು ನೆರವು ಪಡೆಯುವುದು ಒಳ್ಳೆಯದೋ, ತಮ್ಮ ಪಾಡಿಗೆ ತಾವೇ ನಿಭಾಯಿಸಿಕೊಳ್ಳುವುದು ಒಳ್ಳೆಯದೋ? ಯುನಿಸೆಫ್ ಮತ್ತು ಗ್ಯಾಲಪ್ ಸಂಸ್ಥೆಗಳು 2021ರಲ್ಲಿ 21 ದೇಶಗಳ 15ರಿಂದ 24 ವರ್ಷದವರ ಮುಂದೆ ಈ ಪ್ರಶ್ನೆ ಇಟ್ಟವು. ಒಟ್ಟು ಸರಾಸರಿ ತೆಗೆದರೆ ನೂರಕ್ಕೆ 83 ಮಂದಿ ನೆರವು ಪಡೆಯುವುದೇ ಸರಿ ಎಂದರು. ಭಾರತದಲ್ಲಿ ಹಾಗೆಂದವರು ಕೇವಲ 41 ಮಂದಿ. ಅರ್ಧಕ್ಕಿಂತ ಕಡಿಮೆ ಯುವಜನ ನೆರವಿನ ಪರವಾಗಿ ಮಾತಾಡಿದ ದೇಶ ಆ ಪಟ್ಟಿಯಲ್ಲಿ ನಮ್ಮದೊಂದೇ. ಈ ಅಂಕಿಯನ್ನು ಮುಂದಿಟ್ಟುಕೊಂಡು ಆಡುವ ಮಾತು ಸಾಮಾನ್ಯವಾಗಿ ಒಂದೇ: ನಮ್ಮ ಮಕ್ಕಳಿಗೆ ತಿಳಿವಳಿಕೆ ಸಾಲದು, ಜಾಗೃತಿ ಮೂಡಿಸಬೇಕು. ಹಾಗೆಂದು ಕಾಲೇಜಿನ ಸಭಾಂಗಣದಲ್ಲಿ ಬ್ಯಾನರ್ ಕಟ್ಟಿ, ಒಂದು ಗಂಟೆ ಭಾಷಣ ಮಾಡಿಸಿ, ವಂದನಾರ್ಪಣೆ ಮುಗಿಸುತ್ತೇವೆ. ನನಗೆ ಆ ಉತ್ತರದಲ್ಲಿ ಅಜ್ಞಾನ ಕಾಣುವುದಿಲ್ಲ, ಲೆಕ್ಕಾಚಾರ ಕಾಣುತ್ತದೆ. ಹೇಳಿಕೊಂಡರೆ ಏನಾಗುತ್ತದೆ ಎಂಬುದನ್ನು ಈ ಹುಡುಗ ಹುಡುಗಿಯರು ಸುತ್ತಮುತ್ತ ಕಣ್ಣಾರೆ ಕಂಡಿದ್ದಾರೆ. ಹೇಳಿಕೊಂಡವಳ ಮದುವೆ ಮಾತು ಮುರಿಯುತ್ತದೆ, ಹೇಳಿಕೊಂಡವನ ಮೇಲೆ ಹಾಸ್ಟೆಲ್ ವಾರ್ಡನ್ನಿನ ಕಣ್ಣು ಬೀಳುತ್ತದೆ, ಬೀದಿಯ ಬಾಯಿಗೆ ಒಂದು ಸುದ್ದಿ ಸಿಗುತ್ತದೆ. ಆದ್ದರಿಂದ ಫೋನಿನಲ್ಲಿ, ಆ್ಯಪ್‌ನಲ್ಲಿ, ವಿಡಿಯೊ ಕಾಲ್‌ನಲ್ಲಿ ಮನಸ್ಸಿಗೂ ಚಟಕ್ಕೂ ಚಿಕಿತ್ಸೆ ಕೊಡುತ್ತೇವೆ ಎನ್ನುವವರನ್ನು ಅಳೆಯಬೇಕಾದದ್ದು ತಂತ್ರಜ್ಞಾನದ ಹೊಸತನದಿಂದಲ್ಲ. ಯುವಕರು ಮೊದಲು ಕೇಳುವುದು ‘ಯಾರಿಗೂ ಗೊತ್ತಾಗಲ್ಲ ತಾನೇ?’ ಎಂದು. ಅದಕ್ಕೆ ಪ್ರಾಮಾಣಿಕವಾದ, ನಂಬಬಹುದಾದ ಉತ್ತರ ಕೊಡಬಲ್ಲ ಸೇವೆ ಮಾತ್ರ ಅವರಿಗೆ ಉಪಯೋಗಕ್ಕೆ ಬರುತ್ತದೆ.

ಅಗತ್ಯ ಎಷ್ಟಿದೆ ಎಂಬುದರ ಬಗ್ಗೆ ತಕರಾರಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆ ಇದ್ದವರಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ, ಕಾಯಿಲೆ ಯಾವುದೆಂಬುದರ ಮೇಲೆ, ಶೇ 70ರಿಂದ 92ರವರೆಗೆ ಇತ್ತು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ, ಇರುವವರಲ್ಲೂ ಹೆಚ್ಚಿನವರು ನಗರಗಳಲ್ಲಿದ್ದಾರೆ. ಆಸ್ಪತ್ರೆಯ ಗೋಡೆ ದಾಟಿ ಜನರ ಬಳಿಗೆ ಹೋಗಬೇಕು ಎಂಬ ವಿಚಾರ ಕರ್ನಾಟಕಕ್ಕೆ ಹೊಸದೂ ಅಲ್ಲ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅದೇ ದಾರಿಯ ಮುಂದಿನ ಹೆಜ್ಜೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡವೂ ಸೇರಿದಂತೆ ಇಪ್ಪತ್ತು ಭಾಷೆಗಳಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕೆನಿಸಿದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಇಡೀ ಜಾಲಕ್ಕೆ ನಿಮ್ಹಾನ್ಸೇ ಕೇಂದ್ರ. ಇದುವರೆಗೆ ಬಂದಿರುವ ಕರೆಗಳು 20 ಲಕ್ಷ ದಾಟಿವೆ. ದುಃಖ, ನಿದ್ದೆ ಬಾರದಿರುವುದು, ಒತ್ತಡ, ಆತಂಕ ಇವೇ ಹೆಚ್ಚಾಗಿ ಕೇಳಿಬರುವ ದೂರುಗಳು.

ಫೋನಿನ ಲಾಭ ಏನೆಂದು ಯುವಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದ ಬಾಗಿಲಲ್ಲಿ ದೊಡ್ಡ ಅಕ್ಷರದ ಬೋರ್ಡ್ ಇರುತ್ತದೆ. ಅದರ ಕೆಳಗಿನ ಬೆಂಚಿನಲ್ಲಿ ಕೂತವರನ್ನು ಅದೇ ಊರಿನ ಯಾರೋ ನೋಡಿಯೇ ನೋಡುತ್ತಾರೆ. ಬಸ್ ಚಾರ್ಜು, ತಪ್ಪಿಸಿಕೊಳ್ಳಬೇಕಾದ ಒಂದು ದಿನದ ಕ್ಲಾಸು, ಮನೆಯಲ್ಲಿ ಹೇಳಬೇಕಾದ ಸುಳ್ಳು ಇವಿಷ್ಟರ ಗೊಡವೆಯೂ ಫೋನಿನಲ್ಲಿ ಇರುವುದಿಲ್ಲ. ಕೊರೊನಾ ಕಾಲದ ನಂತರ ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಯುವಜನರನ್ನೇ ಕೇಳಿ ನಡೆಸಿದ ಅಧ್ಯಯನಗಳಲ್ಲೂ ಈ ಮಾತು ಮತ್ತೆ ಮತ್ತೆ ಬಂದಿದೆ. ಓಡಾಟ ತಪ್ಪಿತು, ಪರಿಚಿತ ಜಾಗದಲ್ಲಿ ಕೂತು ಮಾತಾಡುವುದು ಹಗುರವೆನಿಸಿತು ಎಂದವರೇ, ಮನೆಯಲ್ಲಿ ಒಂಟಿಯಾಗಿ ಮಾತಾಡಲು ಮೂಲೆ ಸಿಗಲಿಲ್ಲ, ತೆರೆಯ ಮೇಲೆ ಮುಖ ನೋಡಿ ನಂಬಿಕೆ ಹುಟ್ಟಲು ಹೊತ್ತು ಹಿಡಿಯಿತು ಎಂದೂ ಹೇಳಿದ್ದಾರೆ. ಆನ್‌ಲೈನೇ ಬೇಕು ಎಂದಾಗಲಿ, ಬೇಡವೇ ಬೇಡ ಎಂದಾಗಲಿ ಅವರು ಹಟ ಹಿಡಿಯಲಿಲ್ಲ. ಯಾವಾಗ ಯಾವುದು ಎಂಬ ಆಯ್ಕೆ ತಮ್ಮ ಕೈಯಲ್ಲಿರಲಿ ಎಂದರು.

ಒಬ್ಬೊಬ್ಬರಿಗೆ ಒಂದೊಂದು ಕೋಣೆ ಇರುವ ದೇಶಗಳ ಮಕ್ಕಳೇ ಮೂಲೆ ಸಿಗಲಿಲ್ಲ ಎಂದರೆ, ಹಾಲ್ ಮತ್ತು ಅಡುಗೆಮನೆ ಮಾತ್ರ ಇರುವ ಮನೆಯ ಗತಿ ಏನು? ನಮ್ಮಲ್ಲಿ ಕೋಣೆಯ ಪ್ರಶ್ನೆಗೂ ಮೊದಲು ಫೋನಿನ ಪ್ರಶ್ನೆ ಬರುತ್ತದೆ. ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಮಾತಾಡಿಸಿದ 2023ರ ‘ಅಸರ್’ ವರದಿಯ ಪ್ರಕಾರ ಸುಮಾರು ನೂರಕ್ಕೆ 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಅದನ್ನು ಬಳಸಲು ಅವರಿಗೆ ಬರುತ್ತದೆ. ಆದರೆ ಹಾಗೆ ಬಳಸಬಲ್ಲವರಲ್ಲಿ ಸ್ವಂತ ಫೋನ್ ಇದ್ದ ಹುಡುಗರು ಶೇ 43.7, ಹುಡುಗಿಯರು ಶೇ 19.8 ಮಾತ್ರ. ಉಳಿದವರ ಕೈಯಲ್ಲಿರುವುದು ಅಪ್ಪನ ಫೋನು, ಅಣ್ಣನ ಫೋನು. ಅಪ್ಪನ ಹೆಸರಿನ ಸಿಮ್‌ನಿಂದ 14416ಕ್ಕೆ ಕರೆ ಮಾಡಿದರೆ ಆ ಐದಂಕಿ ಕಾಲ್ ಲಿಸ್ಟಿನಲ್ಲಿ ಉಳಿಯುತ್ತದೆ. ಅದನ್ನು ಅಳಿಸಲು ಮರೆತ ಹುಡುಗಿ ರಾತ್ರಿ ಊಟದ ಹೊತ್ತಿಗೆ ಉತ್ತರ ಹೇಳಬೇಕು. ಆಧಾರ್ ಮೂಲಕ ಆರೋಗ್ಯ ಖಾತೆ ತೆರೆಯಹೊರಟರೆ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ, ಎಷ್ಟೋ ಮನೆಗಳಲ್ಲಿ ಅದು ಹೊಲದಲ್ಲಿರುವ ಅಪ್ಪನ ಜೇಬಿಗೆ. ಮಗಳು ಮನೆಯಲ್ಲಿ ಕೂತು ಗುಂಡಿ ಒತ್ತಿದ ಕ್ಷಣ ಅಲ್ಲಿ ಸದ್ದಾಗುತ್ತದೆ. ಹಾಸ್ಟೆಲಿನವರು, ಪಿಜಿಯವರು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ನಿಂತು ಮಾತಾಡುತ್ತಾರೆ, ಬಟ್ಟೆ ಒಣಹಾಕಲು ಯಾರಾದರೂ ಬಂದರೆ ‘ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತಾರೆ. ಆನ್‌ಲೈನ್ ಸೇವೆಯನ್ನು ರೂಪಿಸುವವರು ಈ ಟೆರೇಸನ್ನೂ ಆ ಕಾಲ್ ಲಿಸ್ಟನ್ನೂ ಕಣ್ಣಮುಂದೆ ಇಟ್ಟುಕೊಂಡಿದ್ದರೆ, ಕರೆಯ ಜೊತೆಗೆ ಸದ್ದಿಲ್ಲದೆ ಟೈಪ್ ಮಾಡಿ ಕೇಳುವ ದಾರಿಯನ್ನೂ ಮೊದಲ ದಿನದಿಂದಲೇ ಇಟ್ಟಿರುತ್ತಿದ್ದರು. ಅರ್ಧದಲ್ಲಿ ಕಟ್ ಆದ ಕರೆಗೆ ವಾಪಸ್ ಫೋನ್ ಮಾಡುವ ಮೊದಲು ‘ಯಾವ ಹೊತ್ತಿಗೆ ಮಾಡಿದರೆ ಅನುಕೂಲ’ ಎಂದು ಕೇಳಿಟ್ಟುಕೊಳ್ಳುವುದು ಕೂಡ ಚಿಕಿತ್ಸೆಯ ಭಾಗವೇ.

ಕುಡಿತ, ಗಾಂಜಾ, ಮಾತ್ರೆಗಳ ವಿಷಯಕ್ಕೆ ಬಂದರೆ ಭಯ ಇನ್ನೂ ಗಟ್ಟಿ. ಖಿನ್ನತೆ ಎಂದವರಿಗೆ ಕನಿಕರವಾದರೂ ಸಿಕ್ಕೀತು, ನಶೆ ಎಂದವರಿಗೆ ಸಿಗುವುದು ಛೀಮಾರಿ, ಕೆಲವೊಮ್ಮೆ ಪೊಲೀಸ್. ದೆಹಲಿಯ ಏಮ್ಸ್‌ನ ತಜ್ಞರು ಕೇಂದ್ರ ಸರ್ಕಾರಕ್ಕಾಗಿ ಸಿದ್ಧಪಡಿಸಿದ, 2019ರಲ್ಲಿ ಹೊರಬಂದ ಸಮೀಕ್ಷೆ ಹೇಳುವಂತೆ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಅದೇ ಸಮೀಕ್ಷೆಯಲ್ಲಿ ನನ್ನನ್ನು ಹೆಚ್ಚು ಕಲಕಿದ ಅಂಕಿ ಬೇರೆ. ಮೂಸುವ ಪದಾರ್ಥಗಳ ಬಳಕೆ, ಅಂದರೆ ವೈಟ್ನರ್, ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಇಂಥವು, ದೊಡ್ಡವರಲ್ಲಿ ಶೇ 0.58 ಇದ್ದರೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 1.17. ಬೇರೆ ಯಾವ ನಶೆಯಲ್ಲೂ ಮಕ್ಕಳು ದೊಡ್ಡವರನ್ನು ಮೀರಿಸಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ವಸ್ತುವಿಗೆ ಸಿಕ್ಕಿಬಿದ್ದ ಹದಿನಾಲ್ಕರ ಹುಡುಗ ವ್ಯಸನಮುಕ್ತಿ ಕೇಂದ್ರದ ಗೇಟು ತಾನಾಗಿ ದಾಟುತ್ತಾನೆಂದು ಯಾರೂ ನಿರೀಕ್ಷಿಸಲಾರರು.

ಕಾನೂನು ಈ ಹುಡುಗರು ಊಹಿಸಿಕೊಂಡಿರುವಷ್ಟು ಕಠೋರವಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮನಸ್ಸಿನ ತೊಂದರೆಯನ್ನೂ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅದರ 23ನೇ ಸೆಕ್ಷನ್ ರೋಗಿಯ ಗುಟ್ಟನ್ನು ಕಾಪಾಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹೊರಿಸುತ್ತದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕೂಡ 64ಎ ಎಂಬ ಸೆಕ್ಷನ್ ಇದೆ. ಅಲ್ಪ ಪ್ರಮಾಣದ ಮಾಲಿನ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಪದವಿ ಕಾಲೇಜಿನ ಮಾದಕವಸ್ತು ವಿರೋಧಿ ಜಾಥಾಗಳಲ್ಲಿ ಈ ಸೆಕ್ಷನ್ನನ್ನು ಯಾರಾದರೂ ಓದಿ ಹೇಳುತ್ತಾರೆಯೇ? ಅಲ್ಲಿ ಕಾಣುವುದು ಕೈಕೋಳದ ಚಿತ್ರ, ತಲೆಬುರುಡೆಯ ಚಿತ್ರ. ಶಿಕ್ಷೆಯ ಭಾಗವನ್ನಷ್ಟೇ ಕೂಗಿ ಹೇಳಿ ರಕ್ಷಣೆಯ ಭಾಗವನ್ನು ಮುಚ್ಚಿಟ್ಟರೆ ಹುಡುಗರು ಬಾಯಿ ಬಿಡದಿರುವುದು ಸಹಜ. ಅಪರಿಚಿತ ದನಿಯೊಂದಿಗೆ, ಮುಖ ತೋರಿಸದೆ ಮೊದಲ ಮಾತು ಆಡಲು ಫೋನಿಗಿಂತ ಒಳ್ಳೆಯ ಸಾಧನವಿಲ್ಲ. ವ್ಯಸನಮುಕ್ತಿಗೆಂದೇ 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಆದರೆ ನಶೆಯ ಚಿಕಿತ್ಸೆ ಪೂರ್ತಿ ಫೋನಿನಲ್ಲೇ ಮುಗಿಯುತ್ತದೆ ಎನ್ನುವುದು ಅಪಾಯದ ಮಾತು. ದಿನವೂ ವಿಪರೀತ ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಬುದ್ಧಿಭ್ರಮಣೆಯಾಗಿ, ಇಲ್ಲದ್ದು ಕಂಡು, ಜೀವಕ್ಕೇ ಎರವಾಗಬಹುದು. ನಡುಗುವ ಕೈ, ಏರಿದ ನಾಡಿ, ಬೆವರು ಇವನ್ನು ಹತ್ತಿರ ಕೂತು ನೋಡುವವರು ಬೇಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಎನ್‌ಡಿಪಿಎಸ್ ಪಟ್ಟಿಯ ಔಷಧಗಳನ್ನು ಫೋನಿನ ಮೇಲೆ ಬರೆದುಕೊಡಬಾರದು ಎಂದಿರುವುದಕ್ಕೂ ಕಾರಣವಿದೆ.

ಈಗ ಗುಟ್ಟಿನ ಇನ್ನೊಂದು ಮಗ್ಗುಲು. ಮನೆಯವರಿಂದ, ವಾರ್ಡನ್‌ನಿಂದ ಮಾತು ಮುಚ್ಚಿಟ್ಟರಾಯಿತೇ? ಆ್ಯಪ್ ನಡೆಸುವ ಕಂಪನಿಯಿಂದ ಅದನ್ನು ಕಾಪಾಡುವವರು ಯಾರು? ಅಮೆರಿಕದಲ್ಲಿ 2013ರಲ್ಲಿ ಶುರುವಾದ ಕ್ರೈಸಿಸ್ ಟೆಕ್ಸ್ಟ್ ಲೈನ್ ಸಂಕಟದಲ್ಲಿರುವವರ ಜೊತೆ ಮೆಸೇಜಿನಲ್ಲೇ ಮಾತಾಡುವ ಸೇವೆ, ಅದನ್ನು ಹುಡುಕಿ ಬರುವವರಲ್ಲಿ ಹೆಚ್ಚಿನವರು ಎಳೆಯರು. ಆ ಸಂಭಾಷಣೆಗಳಿಂದ ಹೆಸರು ತೆಗೆದ ಮಾಹಿತಿಯನ್ನು ಅದು ತನ್ನಿಂದಲೇ ಹುಟ್ಟಿದ ಲಾಭದ ಕಂಪನಿಯೊಂದಕ್ಕೆ ಕೊಡುತ್ತಿತ್ತು ಎಂಬುದು 2022ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. ಗದ್ದಲವಾದ ಮೇಲೆ ನಿಲ್ಲಿಸಿದರು. ಮದ್ಯವ್ಯಸನಕ್ಕೆ ಆನ್‌ಲೈನ್ ಚಿಕಿತ್ಸೆ ಕೊಡುವ ಮಾನ್ಯುಮೆಂಟ್ ಎಂಬ ಕಂಪನಿ ಗ್ರಾಹಕರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಜಾಹೀರಾತು ಕಂಪನಿಗಳಿಗೆ ಹಂಚಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದರ ಮೇಲೆ ಕ್ರಮ ಕೈಗೊಂಡಿತು. ಕುಡಿತ ಬಿಡಬೇಕೆಂದು ಬಂದವರ ಗುರುತು ಜಾಹೀರಾತಿನ ಸಂತೆಗೆ ಹೋದಂತಾಯಿತು. ನಮ್ಮಲ್ಲೂ ಖಾಸಗಿ ಆ್ಯಪ್‌ಗಳಿಗೆ ಕೊರತೆಯಿಲ್ಲ, ಕೆಲವು ಬೆಂಗಳೂರಿನಲ್ಲೇ ಹುಟ್ಟಿದವು. ‘ನಾನು ಒಪ್ಪುತ್ತೇನೆ’ ಎಂಬ ಚೌಕಕ್ಕೆ ಟಿಕ್ ಹಾಕುವ ಮುನ್ನ ಇಂಗ್ಲಿಷಿನ ಅಷ್ಟುದ್ದದ ಷರತ್ತುಗಳನ್ನು ಪಿಯುಸಿ ಓದುವ ಹುಡುಗಿ ಓದಿರುತ್ತಾಳೆಂದು ಭಾವಿಸುವುದು ಆತ್ಮವಂಚನೆ. ಕನ್ನಡದಲ್ಲಿ, ಐದಾರು ಸಾಲಿನಲ್ಲಿ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅಳಿಸಿ ಎಂದರೆ ಅಳಿಸುತ್ತಾರೋ ಇಲ್ಲವೋ ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ.

ಇಲ್ಲಿ ತಂದೆತಾಯಂದಿರು ಎತ್ತುವ ಆಕ್ಷೇಪಣೆಯನ್ನು ಸುಮ್ಮನೆ ತಳ್ಳಿಹಾಕಲಾಗದು. ಹದಿನಾರು ವರ್ಷದ ಮಗ ಸಾಯುವ ಮಾತಾಡಿದ್ದು ಯಾವುದೋ ಸಹಾಯವಾಣಿಗೆ ಗೊತ್ತಿದ್ದು ನಮಗೇ ಗೊತ್ತಿಲ್ಲದಿದ್ದರೆ? ಅವರ ಆತಂಕ ನ್ಯಾಯವಾದದ್ದು, ಕಾನೂನು ಅದನ್ನು ಗಣನೆಗೆ ತೆಗೆದುಕೊಂಡೂ ಇದೆ. ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗ ಗುಟ್ಟು ಮುರಿಯಬಹುದು. ಹದಿನೆಂಟು ತುಂಬದವರ ವಿಷಯದಲ್ಲಿ ಪೋಷಕರೇ ಕಾನೂನಿನ ಪ್ರಕಾರ ಪ್ರತಿನಿಧಿಗಳು. ಟೆಲಿಮೆಡಿಸಿನ್ ಮಾರ್ಗಸೂಚಿಯಂತೂ ಅಪ್ರಾಪ್ತ ವಯಸ್ಸಿನವರು ದೊಡ್ಡವರ ಜೊತೆಯಲ್ಲೇ ವೈದ್ಯರೊಂದಿಗೆ ಮಾತಾಡಬೇಕು ಎನ್ನುತ್ತದೆ. ತೊಂದರೆ ಇರುವುದು ಉಳಿದ ಸಂದರ್ಭಗಳಲ್ಲಿ, ಅಂದರೆ ಬಹುಪಾಲು ಸಂದರ್ಭಗಳಲ್ಲಿ. ಪರೀಕ್ಷೆಯ ಭಯ, ಮುರಿದ ಸ್ನೇಹ, ಒಂದೆರಡು ಸಲ ಸೇದಿದ ಗಾಂಜಾ, ಕುಡಿದು ಬರುವ ಅಪ್ಪ. ಈ ಕೊನೆಯದನ್ನು ಹೇಳಿಕೊಳ್ಳಲು ಅಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕೇ? ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಇನ್ನೊಂದು ಬಿಕ್ಕಟ್ಟು. ಹದಿನೇಳರ ಹುಡುಗಿ ತನ್ನ ಪ್ರೇಮದ ಬಗ್ಗೆ, ದೇಹಸಂಬಂಧದ ಬಗ್ಗೆ ಹೇಳಿಕೊಂಡರೆ, ಅದು ಅವಳ ಇಷ್ಟದಿಂದಲೇ ಆಗಿದ್ದರೂ, ಕೇಳಿಸಿಕೊಂಡವರು ವರದಿ ಮಾಡಲೇಬೇಕು. ಮಕ್ಕಳನ್ನು ಕಾಪಾಡಲು ಬಂದ ಕಾನೂನು ಆಪ್ತಸಮಾಲೋಚಕರ ಬಾಯನ್ನೂ ಮಗುವಿನ ಬಾಯನ್ನೂ ಕಟ್ಟಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಚಿಕಿತ್ಸೆಗೆ ಒಪ್ಪಿಗೆ ಕೊಡಲು ಇಷ್ಟೇ ವಯಸ್ಸೆಂಬ ಗೆರೆ ಎಳೆದಿಲ್ಲ. ವಿಷಯ ಅರ್ಥಮಾಡಿಕೊಳ್ಳುವ ಶಕ್ತಿ ಆ ಮಗುವಿಗಿದೆ, ಚಿಕಿತ್ಸೆ ಅದರ ಹಿತಕ್ಕಾಗಿದೆ ಎಂದು ವೈದ್ಯರಿಗೆ ಮನವರಿಕೆಯಾದರೆ ಸಾಕು. ಅಲ್ಲಿನ ಫೌಂಡ್ರಿ ಎಂಬ ಸಂಸ್ಥೆ 12ರಿಂದ 24 ವರ್ಷದವರಿಗೆ ಮನಸ್ಸಿನ ಮತ್ತು ನಶೆಯ ತೊಂದರೆಗಳೆರಡನ್ನೂ ಒಂದೇ ಸೂರಿನಡಿ, ಆನ್‌ಲೈನಿನಲ್ಲೂ ಕೇಂದ್ರಗಳಲ್ಲೂ ನೋಡಿಕೊಳ್ಳಲು ಸಾಧ್ಯವಾಗಿರುವುದರಲ್ಲಿ ಆ ಕಾನೂನಿನ ಪಾಲೂ ಇದೆ ಎಂದು ನಾನು ತಿಳಿದಿದ್ದೇನೆ. ಅದನ್ನು ಹಾಗೆಯೇ ಇಲ್ಲಿಗೆ ತಂದು ಹಾಕಬೇಕಾಗಿಲ್ಲ. ಹದಿನಾರು ದಾಟಿದವರಿಗೆ ಕನಿಷ್ಠ ಮೊದಲ ಕೆಲವು ಮಾತುಕತೆಗಳನ್ನಾದರೂ ಒಬ್ಬರೇ ಆಡುವ ಹಕ್ಕನ್ನು ಸ್ಪಷ್ಟವಾಗಿ ಬರೆದುಕೊಡಬಹುದು. ಅಲ್ಲಿಯವರೆಗೆ ಸೇವೆ ಕೊಡುವವರು ‘ಯಾರಿಗೂ ಹೇಳಲ್ಲ’ ಎಂಬ ಸುಳ್ಳು ಭರವಸೆ ಕೊಡದೆ, ಯಾವ ಮೂರು ನಾಲ್ಕು ಸಂದರ್ಭದಲ್ಲಿ ಹೇಳಬೇಕಾಗುತ್ತದೆ ಎಂದು ಮೊದಲೇ ತಿಳಿಸಬೇಕು. ಮಿತಿ ಗೊತ್ತಿರುವ ಗುಟ್ಟನ್ನು ಮಕ್ಕಳು ನಂಬುತ್ತಾರೆ.

ಮೊಬೈಲಿನಿಂದಲೇ ಹಾಳಾದ ಮಕ್ಕಳನ್ನು ಮತ್ತೆ ಮೊಬೈಲಿಗೇ ಕಳಿಸುವುದೇ ಎಂಬ ಪ್ರಶ್ನೆಯೂ ಇದೆ. ಮೊಬೈಲ್ ಚಟ ಸುಳ್ಳಲ್ಲ. ನಿಮ್ಹಾನ್ಸ್ 2014ರಲ್ಲೇ ಅದಕ್ಕೆಂದು ‘ಶಟ್’ ಕ್ಲಿನಿಕ್ ತೆರೆದಿದೆ. ಆದರೆ ಮಧ್ಯರಾತ್ರಿ ರೀಲ್ಸ್ ತಿರುವುವುದಕ್ಕೂ ಅದೇ ಹೊತ್ತಿಗೆ ಒಬ್ಬ ಮನುಷ್ಯನ ಜೊತೆ ಹತ್ತು ನಿಮಿಷ ಮಾತಾಡುವುದಕ್ಕೂ ಅಜಗಜಾಂತರ. ಈ ಆಕ್ಷೇಪಣೆಗೆ ನಿಜವಾದ ಬಲ ಬರುವುದು ಮನುಷ್ಯನೇ ಇಲ್ಲದ ಕಡೆ, ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳಲ್ಲಿ. ಅವು ಎಂದೂ ಬೇಸರಿಸುವುದಿಲ್ಲ, ಯಾರಿಗೂ ಹೇಳುವುದಿಲ್ಲವೆಂದು ತೋರುತ್ತದೆ, ಅದಕ್ಕೇ ಎಳೆಯರು ಅವುಗಳ ಬಳಿ ಹೋಗುತ್ತಿದ್ದಾರೆ. ಆಹಾರ ಸೇವನೆಗೆ ಸಂಬಂಧಿಸಿದ ಮಾನಸಿಕ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರುವವರಿಗಾಗಿ ಕೆಲಸ ಮಾಡುವ ಅಮೆರಿಕದ ಸಂಘಟನೆಯೊಂದು 2023ರಲ್ಲಿ ತನ್ನ ‘ಟೆಸ್ಸಾ’ ಎಂಬ ಬಾಟ್ ತೂಕ ಇಳಿಸುವ ಸಲಹೆ ಕೊಡುತ್ತಿದೆಯೆಂಬ ದೂರು ಬಂದಾಗ ಅದನ್ನು ತೆಗೆಯಬೇಕಾಯಿತು. ಊಟ ಬಿಟ್ಟು ಸೊರಗುವ ಕಾಯಿಲೆಯವರಿಗೆ ಆ ಸಲಹೆ ವಿಷವಿದ್ದಂತೆ.

ನನ್ನ ಮಟ್ಟಿಗೆ ಅತಿ ಗಟ್ಟಿಯಾದ ಆಕ್ಷೇಪಣೆ ಬೇರೆ. ಸಹಾಯವಾಣಿ ಕೊಟ್ಟಿದ್ದೇವಲ್ಲ ಎಂದು ಹೇಳಿ ಸರ್ಕಾರ ವೈದ್ಯರನ್ನು ನೇಮಿಸುವ, ಹಾಸಿಗೆ ಹಾಕಿಸುವ ಕೆಲಸದಿಂದ ಕೈ ತೊಳೆದುಕೊಳ್ಳುತ್ತದೆ ಎಂಬುದು. ಇದು ನಿಜವಾಗುವ ಸಾಧ್ಯತೆ ಬಹಳ ಇದೆ. ಕರೆ ಸ್ವೀಕರಿಸಿದವರು ‘ಹತ್ತಿರದ ಆಸ್ಪತ್ರೆಗೆ ಹೋಗಿ’ ಎಂದು ಹೇಳಿ, ಅಲ್ಲಿ ವೈದ್ಯರೇ ಇಲ್ಲದಿದ್ದರೆ, ಕೊಡ ಕಟ್ಟದೆ ಬಾವಿಗೆ ಹಗ್ಗ ಇಳಿಬಿಟ್ಟಂತೆ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಫೋನಿನ ಆಪ್ತಸಮಾಲೋಚಕರು ಆ ಮಂಗಳವಾರಕ್ಕೇ ಸಮಯ ಗೊತ್ತುಮಾಡಿಕೊಟ್ಟು, ಹಿಂದಿನ ದಿನ ನೆನಪಿಸಿ, ಹೋಗಿಬಂದ ಮೇಲೆ ಹೇಗಾಯಿತೆಂದು ಕೇಳಿದರೆ ಎರಡೂ ಸೇವೆಗಳಿಗೆ ಅರ್ಥ ಬರುತ್ತದೆ. ಪ್ರತಿ ಸಲ ಹೊಸ ದನಿಗೆ ಮೊದಲಿಂದ ಕತೆ ಹೇಳುವ ಶಿಕ್ಷೆಯೂ ತಪ್ಪುತ್ತದೆ. ಗೋವಾದ ಸಂಗತ್ ಸಂಸ್ಥೆ ಹದಿಹರೆಯದವರ ಜೊತೆ ಕೂತೇ ಸಮಸ್ಯೆ ಬಿಡಿಸುವುದನ್ನು ಕಲಿಸುವ ಒಂದು ಮೊಬೈಲ್ ಆಟ ಕಟ್ಟಿತು. ಆಟವನ್ನಷ್ಟೇ ಕೊಟ್ಟು ಬಿಡಲಿಲ್ಲ, ಶಾಲೆಯಲ್ಲಿ ಪಕ್ಕಕ್ಕೆ ಒಬ್ಬ ಸಮಾಲೋಚಕರನ್ನೂ ಇಟ್ಟಿತು. ಮನಶ್ಶಾಸ್ತ್ರದ ಪದವಿಯಿಲ್ಲದ ಸಾಮಾನ್ಯರೂ ತರಬೇತಿ ಪಡೆದು ಇಂಥ ಕೆಲಸ ಮಾಡಬಲ್ಲರೆಂದು ಅದೇ ಸಂಸ್ಥೆಯ ಹಲವು ಪ್ರಯೋಗಗಳು ತೋರಿಸಿವೆ. ಹಾಗಾಗಿ ವೈದ್ಯರ ಕೊರತೆಯನ್ನು ಮುಂದೆ ಮಾಡಿ ಸುಮ್ಮನೆ ಕೂರುವಂತಿಲ್ಲ.

ನಮ್ಮ ರಾಜ್ಯದಲ್ಲೇ ನಡೆಯುತ್ತಿರುವ ಯುವ ಸ್ಪಂದನ ಈ ದೃಷ್ಟಿಯಿಂದ ಗಮನಿಸಬೇಕಾದ ಕಾರ್ಯಕ್ರಮ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಇದರ ಕೇಂದ್ರಗಳು ಇರುವುದು ಆಸ್ಪತ್ರೆಯಲ್ಲಲ್ಲ, ಜಿಲ್ಲಾ ಕ್ರೀಡಾಂಗಣಗಳಲ್ಲಿ. ಕ್ರೀಡಾಂಗಣಕ್ಕೆ ಹೋದ ಹುಡುಗನನ್ನು ಯಾಕೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಊರೂರಿನ ಯುವಕ ಯುವತಿಯರೇ ತರಬೇತಿ ಪಡೆದು ‘ಯುವ ಪರಿವರ್ತಕ’ರಾಗಿ ಕೆಲಸ ಮಾಡುತ್ತಾರೆ. ಟೆಲಿ ಮಾನಸ್, 14446, ಮನೋಚೈತನ್ಯ, ಯುವ ಸ್ಪಂದನ ಈ ನಾಲ್ಕೂ ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಕಡತಗಳಲ್ಲಿ ಉಳಿಯದೆ ಒಂದರ ಕೈ ಇನ್ನೊಂದು ಹಿಡಿಯುವಂತೆ ಮಾಡಲು ಹೊಸ ಆ್ಯಪ್ ಏನೂ ಬೇಕಿಲ್ಲ. ಬೇಕಾಗಿರುವುದು ಬೇರೊಂದು ಬಗೆಯ ಲೆಕ್ಕ. ಎಷ್ಟು ಕರೆ ಬಂತು ಎಂಬುದನ್ನು ಸರ್ಕಾರ ಸಂಸತ್ತಿನಲ್ಲೂ ಪತ್ರಿಕಾ ಹೇಳಿಕೆಗಳಲ್ಲೂ ಹೇಳುತ್ತ ಬಂದಿದೆ. ಕರೆ ಮಾಡಿದ ಇಪ್ಪತ್ತೈದರೊಳಗಿನವರಲ್ಲಿ ಎರಡನೇ ಸಲ ಕರೆ ಮಾಡಿದವರು ಎಷ್ಟು, ತಾಲ್ಲೂಕು ಆಸ್ಪತ್ರೆಯ ವೈದ್ಯರ ಮುಂದೆ ನಿಜವಾಗಿ ಹೋಗಿ ಕೂತವರು ಎಷ್ಟು, ಹಾಗೆ ಹೋದವರ ವಿಷಯ ಅವರ ಇಷ್ಟಕ್ಕೆ ವಿರುದ್ಧವಾಗಿ ಮನೆಗೋ ಕಾಲೇಜಿಗೋ ತಲುಪಿದ ಪ್ರಕರಣ ಎಷ್ಟು ಎಂಬುದನ್ನು, ಯಾರ ಹೆಸರೂ ಹೊರಬಾರದಂತೆ, ಜಿಲ್ಲೆವಾರು ಪ್ರತಿ ವರ್ಷ ಪ್ರಕಟಿಸಲಿ. ಆ ಪಟ್ಟಿಯನ್ನು ಪರಿಶೀಲಿಸುವ ಸಮಿತಿಯಲ್ಲಿ ಅಧಿಕಾರಿಗಳು, ವೈದ್ಯರು ಇರುವಷ್ಟೇ ಸಂಖ್ಯೆಯಲ್ಲಿ ಹದಿನೆಂಟು ಇಪ್ಪತ್ತರ ವಯಸ್ಸಿನವರೂ ಇರಲಿ.